ಕಾಲುವೆಯ ದೋಣಿಯವರೂ ದಡದ ಕಟುಕರೂ

ಒಳ್ಳೆಯ ಕಟುಕನೊಬ್ಬನನ್ನು ಹುಡುಕಿಕೊಂಡು ದೂರದ ಊರಿಗೆ ಹೋದವನ ಕಥೆ ನಮ್ಮ ಮಹಾಭಾರತದಲ್ಲಿಯೇ ಇದೆ. ಕೌಶಿಕನೆಂಬ ಬ್ರಾಹ್ಮಣನು ಗೃಹಿಣಿಯೊಬ್ಬಳ ಮಾತು ಕೇಳಿ ಮಿಥಿಲೆಗೆ ಹೋಗಿ, ಧರ್ಮವ್ಯಾಧನು ಎಲ್ಲಿರುವನೆಂದು ವಿಚಾರಿಸಿದಾಗ, ಅವನಿಗೆ ದೊರೆತ ದಾರಿ ಮಾಂಸದಂಗಡಿಯ ದಾರಿ. ಕೌಶಿಕನಿಗೆ ಬೇಕಾಗಿದ್ದುದು ಧರ್ಮೋಪದೇಶವೇ ಹೊರತು ಮಾಂಸವಲ್ಲ. ಈ ಹೊತ್ತು ನಾವು ಯಾರ ವಿಷಯವನ್ನು ಹೇಳಲು ಹೊರಟಿದ್ದೇವೆಯೋ ಅವರಿಗೆ ಬೇಕಾಗಿದ್ದುದು ಮಾಂಸವೇ. ಆದರೂ ಅವರು ಜೀವಮಾನವೆಲ್ಲ ಊರಿಂದೂರಿಗೆ ಸಾಗುತ್ತ, ಗುರುತಿಲ್ಲದ ಬೀದಿಗಳಲ್ಲಿ ನಿಂತು, ಇಲ್ಲಿ ನಂಬತಕ್ಕ ಕಟುಕನು ಯಾರು ಎಂದು ಕೇಳಬೇಕಾಗಿದ್ದ ಜನ. ಅವರು ಇಂಗ್ಲೆಂಡಿನ ಕಾಲುವೆಗಳಲ್ಲಿ ಸರಕು ಸಾಗಿಸುತ್ತಿದ್ದ ದೋಣಿಯ ಸಂಸಾರಗಳವರು.

ಕೇಳುತ್ತಿರುವವರಲ್ಲಿ ಮಾಂಸವನ್ನು ಮುಟ್ಟದವರು ಅನೇಕರಿರಬಹುದು. ಅವರು ಇದನ್ನು ಹಾಲಿನವನ ವಿಷಯವೆಂದೇ ಭಾವಿಸಿಕೊಳ್ಳಬಹುದು. ಹೊಸ ಬಡಾವಣೆಗೆ ಮನೆ ಬದಲಾಯಿಸಿ, ನೀರು ಬೆರಸದ ಹಾಲಿನವನನ್ನು ಹುಡುಕಿದವರಿಗೆ ನಮ್ಮ ಮಾತಿನ ತಿರುಳು ಆಗಲೇ ತಿಳಿದಿದೆ. ಇನ್ನೊಂದು ಮಾತು. ಕಟುಕನೆಂಬ ಪದವನ್ನು ನಾವು ನಿರ್ದಯನೆಂಬ ಅರ್ಥದಲ್ಲಿ ಬೈಗುಳಾಗಿಯೂ ಬಳಸುವುದುಂಟು. ಇಂಗ್ಲಿಷಿನವರೂ ಹಾಗೆಯೇ ಬಳಸುತ್ತಾರೆ. ಇಲ್ಲಿ ಅದು ಒಂದು ಕಸುಬಿನ ಹೆಸರು ಮಾತ್ರ.

ಕಾಲುವೆ ಎಂದೊಡನೆ ನಮ್ಮ ಕಣ್ಣಿಗೆ ಗದ್ದೆಗಳು ಕಾಣುತ್ತವೆ. ನಮ್ಮ ನಾಡಿನಲ್ಲಿ ಕಾಲುವೆಯನ್ನು ತೋಡಿಸಿದವರು ಬೆಳೆಗಾಗಿ ತೋಡಿಸಿದರು. ತುಂಗಭದ್ರೆಯಿಂದ ಹೊರಡುವ ಕರ್ನೂಲು-ಕಡಪಾ ಕಾಲುವೆಯನ್ನು ೧೯ನೆಯ ಶತಮಾನದಲ್ಲಿ ಬೇಸಾಯಕ್ಕೂ ದೋಣಿಯ ಸಂಚಾರಕ್ಕೂ ಒಟ್ಟಿಗೆ ಆಗಲೆಂದು ಕಟ್ಟಿದರು. ಅಂಥವು ನಮ್ಮ ಕಡೆ ವಿರಳ. ಇಂಗ್ಲೆಂಡಿನ ಕಾಲುವೆಗಳಾದರೋ ಹೊಲಗಳಿಗೆ ನೀರನ್ನು ಕೊಡಲು ಹುಟ್ಟಿದುವಲ್ಲ. ಅವು ನೀರಿನ ರಸ್ತೆಗಳು. ೧೭೬೧ರಲ್ಲಿ ಬ್ರಿಜ್‌ವಾಟರಿನ ಡ್ಯೂಕನು ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ಸಾಗಿಸಲು ತೆರೆದ ಕಾಲುವೆಯಿಂದ ಆ ಊರಿನಲ್ಲಿ ಕಲ್ಲಿದ್ದಲ ಬೆಲೆ ಅರ್ಧಕ್ಕೆ ಇಳಿಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯನಾದ ಜೇಮ್ಸ್ ಬ್ರಿಂಡ್ಲಿ ಸರಿಯಾಗಿ ಓದುಬರಹ ಬಾರದ ಯಂತ್ರಕುಶಲಿ. ಇದರ ಲಾಭವನ್ನು ಕಂಡವರು ದೇಶವನ್ನೆಲ್ಲ ತೋಡಿದರು. ಮಧ್ಯ ಇಂಗ್ಲೆಂಡಿನಲ್ಲಿ ನೀರಿನ ಮೆಟ್ಟಿಲುಗಳಾದ ಲಾಕುಗಳನ್ನು ಕಿರಿದಾಗಿ ಕಟ್ಟಿದುದರಿಂದ, ದೋಣಿಯೂ ಸುಮಾರು ೭೦ ಅಡಿ ಉದ್ದ, ೭ ಅಡಿ ಅಗಲಕ್ಕೆ ಸೀಮಿತವಾಯಿತು. ಒಂದು ಕುದುರೆ ಏರಿಯ ಮೇಲೆ ನಡೆದು, ಹಗ್ಗದಿಂದ ೨೫ ಟನ್ನು ಸರಕನ್ನು ಎಳೆಯುತ್ತಿದ್ದಿತು.

ಮೊದಮೊದಲು ದೋಣಿಗಾರನಿಗೆ ದಡದ ಮೇಲೆ ಮನೆಯಿರುತ್ತಿದ್ದಿತು. ಹೆಂಡತಿ ಮಕ್ಕಳು ಅಲ್ಲಿರುತ್ತಿದ್ದರು. ೧೮೩೦ರ ದಶಕದಿಂದ ಮುಂದೆ ರೈಲ್ವೆಗಳು ಬಂದು ಸಾಗಣೆಯ ಕೂಲಿ ಇಳಿಯುತ್ತ ಹೋಯಿತು. ಕೂಲಿಯಾಳಿಗೂ ಮನೆಯ ಬಾಡಿಗೆಗೂ ಕೊಡಲು ಹಣ ಸಾಲದಾಗ, ಎಷ್ಟೋ ಮಂದಿ ದೋಣಿಗಾರರು ಸಂಸಾರವನ್ನೇ ದೋಣಿಗೆ ತಂದುಬಿಟ್ಟರು. ಹೆಂಡತಿ ಚುಕ್ಕಾಣಿ ಹಿಡಿದಳು, ಮಗನು ಕುದುರೆ ನಡೆಸಿದನು. ದೋಣಿಯ ಹಿಂಭಾಗದಲ್ಲಿ ಹತ್ತಡಿ ಉದ್ದದ ಒಂದು ಗೂಡು. ಮಂಚವೂ, ಮೇಜೂ, ಬೀರುವೂ, ಒಲೆಯೂ ಅದರೊಳಗೇ. ಕಿಕ್ಕಿರಿದ ಈ ಬಾಳನ್ನು ಕಂಡು ಜಾರ್ಜ್ ಸ್ಮಿತ್ ಎಂಬ ಸುಧಾರಕನು ಕೂಗೆಬ್ಬಿಸಿದನು. ಕಾಲುವೆಗಳ ಮೇಲೆ ಒಂದು ಲಕ್ಷದಷ್ಟು ಜನರಿದ್ದಾರೆಂದು ಅವನು ಹೇಳಿದುದನ್ನು ಈಚಿನ ಚರಿತ್ರಕಾರರು ಅತಿಶಯೋಕ್ತಿಯೆನ್ನುತ್ತಾರೆ. ಆದರೆ ಅವನ ಕೂಗಿನಿಂದ ೧೮೭೭ರಲ್ಲಿ ಕಾಯಿದೆ ಹುಟ್ಟಿತು, ೧೮೮೪ರಲ್ಲಿ ಅದಕ್ಕೆ ಬಿಗಿ ಬಂದಿತು. ದೊಡ್ಡವರಿಗೆ ತಲಾ ೬೦ ಘನ ಅಡಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಲಾ ೪೦ ಘನ ಅಡಿ ಗಾಳಿಯಿರಬೇಕೆಂದು ಸರ್ಕಾರವು ಅಳೆದುಕೊಟ್ಟಿತು. ಗಾಳಿಯನ್ನು ಅಳೆದುಕೊಟ್ಟವರು ಆ ಗೂಡಿನಲ್ಲಿ ಆಹಾರವನ್ನು ಎಲ್ಲಿ ಇಡಬೇಕೆಂಬುದನ್ನು ಹೇಳಲಿಲ್ಲ.

ನಮ್ಮ ವಿಷಯವು ಆರಂಭವಾಗುವುದು ಇಲ್ಲಿಯೇ. ಬಾಗಿಲ ಪಕ್ಕದ ಎರಕದ ಕಬ್ಬಿಣದ ಒಲೆ ಹಗಲಿಡೀ ಉರಿಯುತ್ತಿರುವುದು, ಗೂಡೆಲ್ಲ ಕಾದಿರುವುದು. ದಡದ ಮನೆಯವಳಿಗೆ ಕಲ್ಲು ಹಾಸಿದ ತಂಪು ಉಗ್ರಾಣವಾದರೂ ಇದ್ದೀತು. ದೋಣಿಯವಳಿಗೆ ಅದೂ ಇಲ್ಲ. ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ, ಎಂದರೆ ಬೇಕನ್ನು, ಕೆಲವು ದಿನ ತಡೆಯುತ್ತದೆ. ಹಸಿಮಾಂಸವನ್ನು ಕೊಂಡ ದಿನವೇ, ತಪ್ಪಿದರೆ ಮರುದಿನ, ಪಾತ್ರೆಗೆ ಹಾಕಬೇಕು. ಆದುದರಿಂದ ಅವರ ಅಡಿಗೆಯೆಲ್ಲ ಒಂದೇ ಪಾತ್ರೆಯ ಅಡಿಗೆಯಾಯಿತು. ಅಗ್ಗದ ಮಾಂಸದ ತುಂಡುಗಳು, ಆಲೂಗಡ್ಡೆ, ಈರುಳ್ಳಿ ಇವನ್ನು ಬೆಳಗಿನ ಹೊತ್ತು ಒಲೆಯ ಮೇಲಿಟ್ಟರೆ, ದೋಣಿ ಹತ್ತು ಹನ್ನೆರಡು ಮೈಲಿ ಸಾಗುವುದರೊಳಗೆ ಬೆಂದು ಮಿದುವಾಗುತ್ತಿದ್ದಿತು. ಕೊಬ್ಬು ಬೆರಸಿ ನಾದಿದ ಕಣಕದಲ್ಲಿ ಬೇಕನ್ನನ್ನು ಸುತ್ತಿ, ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಕಡುಬೂ ಅವರಿಗೆ ಪ್ರಿಯವಾದುದು. ದೋಣಿ ನಿಲ್ಲುವಂತಿಲ್ಲ, ಕೂಲಿ ದೊರೆಯುತ್ತಿದ್ದುದು ಮುಟ್ಟಿಸಿದ ಸರಕಿಗೇ ಹೊರತು ಕಳೆದ ದಿನಗಳಿಗಲ್ಲ. ಹೀಗೆ ಒಂದೆರಡು ದಿನಕ್ಕೊಮ್ಮೆ, ಅವಸರದಲ್ಲಿ, ಬೇರೆ ಬೇರೆ ಊರಿನಲ್ಲಿ ಮಾಂಸವನ್ನು ಕೊಳ್ಳುವುದೇ ಅವರ ಪಾಡಾಯಿತು.

ಆ ಕಾಲದಲ್ಲಿ ಮಾಂಸವನ್ನು ಕೊಳ್ಳುವುದೆಂದರೆ ಸಾಮಾನ್ಯ ಸಂಗತಿಯೆಂದು ಭಾವಿಸತಕ್ಕುದಲ್ಲ. ೧೮೬೦ರ ದಶಕದ ಆದಿಯಲ್ಲಿ ಜಾನ್ ಗ್ಯಾಮ್ಜಿ ಎಂಬ ಪಶುವೈದ್ಯನು ಸರ್ಕಾರಕ್ಕಾಗಿ ವಿಚಾರಣೆ ಮಾಡಿ, ದೇಶದಲ್ಲಿ ಮಾರಾಟವಾಗುವ ಮಾಂಸದಲ್ಲಿ ಐದರಲ್ಲೊಂದು ಪಾಲು ರೋಗ ತಗಲಿದ ಪಶುಗಳದೆಂದು ಹೇಳಿದನು. ೧೮೬೫ರಲ್ಲಿ ದೊಡ್ಡರೋಗವೆಂದು ನಮ್ಮ ರೈತರು ಕರೆಯುತ್ತಿದ್ದ ಪಶುಮಾರಿ ಇಂಗ್ಲೆಂಡಿಗೆ ಹೊಕ್ಕು ಹಟ್ಟಿಗಳನ್ನೇ ಬರಿದು ಮಾಡಿತು. ೧೮೭೫ರ ಸಾರ್ವಜನಿಕ ಆರೋಗ್ಯದ ಕಾಯಿದೆಯು ಆರೋಗ್ಯಾಧಿಕಾರಿಗಳಿಗೆ ಅಂಗಡಿಯಲ್ಲಿಟ್ಟ ಮಾಂಸವನ್ನು ಪರೀಕ್ಷಿಸುವ, ಕೆಟ್ಟುದನ್ನು ಹಿಡಿಯುವ ಅಧಿಕಾರವನ್ನು ಕೊಟ್ಟಿತು. ಅಧಿಕಾರ ಕೊಟ್ಟ ಮಾತ್ರಕ್ಕೆ ಕೆಲಸ ನಡೆಯುವುದೆಂದು ಯಾವ ದೇಶದಲ್ಲಿಯೂ ಹೇಳಲಾಗದು. ಸಣ್ಣ ಊರಿನ ಕಟುಕನು ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ತಾನೇ ಪಶುವನ್ನು ಕೊಯ್ದು, ತಾನೇ ತೂಗುಹಾಕಿ, ತಾನೇ ಮಾರುತ್ತಿದ್ದನು. ಪಶು ಯಾವ ಹೊಲದ್ದು, ಹೇಗೆ ಸತ್ತಿತು ಎಂಬುದನ್ನು ಬಲ್ಲವನು ಅವನೊಬ್ಬನೇ.

ಊರಿನವರಿಗೆ ಇದರಲ್ಲಿ ಅಷ್ಟು ಕಷ್ಟವಿರಲಿಲ್ಲ. ಕಟುಕನು ನೆರೆಯವನು, ಭಾನುವಾರ ಅದೇ ಇಗರ್ಜಿಗೆ ಬರುವವನು, ಒಂದು ಸಲ ಕೆಟ್ಟ ಮಾಂಸವನ್ನು ಕೊಟ್ಟರೆ ವಾರವೆಲ್ಲ ಊರ ಬಾಯಿಗೆ ಬೀಳುವವನು. ದೋಣಿಯವಳು ಹಾಗಲ್ಲ. ಅವಳು ಲಾಕಿನ ಬಳಿ ಇಳಿದು, ಅಂಗಡಿಗೆ ಹೋಗಿ, ಕೊಟ್ಟುದನ್ನು ಕಟ್ಟಿಸಿಕೊಂಡು ಓಡಿಬಂದರೆ, ಮಾಂಸ ಹಳಸಿದೆಯೆಂದು ತಿಳಿಯುವ ವೇಳೆಗೆ ದೋಣಿ ನಾಲ್ಕು ಮೈಲಿ ಮುಂದಿರುತ್ತಿದ್ದಿತು. ಹಿಂದಿರುಗಿ ಹೋಗಿ ಜಗಳವಾಡಲಾಗದು. ಇದಲ್ಲದೆ ದೋಣಿಯವರೆಂದರೆ ಊರವರಿಗೆ ತಾತ್ಸಾರ. ಮೈಮೇಲೆ ಕಲ್ಲಿದ್ದಲ ಮಸಿ, ಬಾಯಲ್ಲಿ ಒರಟು ಮಾತು, ನೀರಿನ ಅಲೆಮಾರಿಗಳು, ಕಳ್ಳರು ಎಂದು ಹೆಸರು. ಕಾಲುವೆಯ ಪಕ್ಕದ ಜಮೀನ್ದಾರರ ಕಾಡಿನಿಂದ ಮೊಲವೋ ಕಾಡುಕೋಳಿಯೋ ಆಗಾಗ ಮಾಯವಾಗಿ ದೋಣಿಯ ಪಾತ್ರೆಯನ್ನು ಸೇರುತ್ತಿದ್ದುದು ನಿಜ. ಆ ಕಳ್ಳತನಕ್ಕೆ ಒಳ್ಳೆಯ ಅಂಗಡಿಗಳ ಅಭಾವವೂ ಒಂದು ಕಾರಣವೆಂದು ಹೇಳಿದರೆ ಜಮೀನ್ದಾರರು ಒಪ್ಪುತ್ತಿರಲಿಲ್ಲ.

ಹಾಗಾದರೆ ದಾರಿಹೋಕರಿಗೆ ಮೋಸಮಾಡುವುದೇ ಕಟುಕನಿಗೆ ಲಾಭವಾಗಿದ್ದಿತೆ? ಹಾಗೆ ತೋರುತ್ತದೆ; ಆದರೆ ಕಾಲುವೆಯು ಹೆದ್ದಾರಿಯಲ್ಲ. ಹೆದ್ದಾರಿಯ ಪ್ರಯಾಣಿಕನು ಒಮ್ಮೆ ಬಂದು ಹೋಗುವವನು. ದೋಣಿಯವನಾದರೋ ಅದೇ ಗಣಿಯಿಂದ ಅದೇ ಗಿರಣಿಗೆ, ಅದೇ ಏರಿಯ ಮೇಲೆ, ವರ್ಷಕ್ಕೆ ಹಲವು ಸಲ ಹೋಗಿಬರುವವನು. ಅವನ ಹಿಂದೆ ಮುಂದೆ ಸಾಗುವ ದೋಣಿಗಳೆಲ್ಲ ನಂಟರವೇ. ದೋಣಿಯವರು ದೋಣಿಯವರಲ್ಲಿಯೇ ಹೆಣ್ಣು ತಂದು ಹೆಣ್ಣು ಕೊಡುತ್ತಿದ್ದುದು ಹೆಚ್ಚು. ಅವರಲ್ಲಿ ಬಹುಮಂದಿಗೆ ಓದು ಬಾರದು. ಮಕ್ಕಳು ಒಂದು ಊರಿನಲ್ಲಿ ನಿಲ್ಲದೆ ಶಾಲೆಗೆ ಹೋಗುವುದೆಂತು? ಓದು ಬಾರದವರಿಗೆ ನೆನಪೇ ಪುಸ್ತಕ. ಎರಡು ದೋಣಿಗಳು ಎದುರುಬದುರಾಗಿ ಹಾಯುವ ಅರೆನಿಮಿಷದಲ್ಲಿ ಮುಂದಿನ ಲಾಕಿನಲ್ಲಿ ನೀರೆಷ್ಟಿದೆ, ಯಾರಿಗೆ ಮಗು ಹುಟ್ಟಿತು ಎಂಬ ಸುದ್ದಿಯೊಡನೆ ಅಂಗಡಿಗಳ ಗುಣದೋಷಗಳೂ ದಾಟಿಹೋಗುತ್ತಿದ್ದಿರಬೇಕು. ನಮಗೆ ತೋರುವಂತೆ ಅವರನ್ನು ಕಾಪಾಡಿದುದು ೧೮೭೫ರ ಕಾಯಿದೆಗಿಂತ ಹೆಚ್ಚಾಗಿ ಈ ಬಾಯಿಮಾತು. ಹತ್ತು ದೋಣಿಗಳ ಗಿರಾಕಿಯನ್ನು ಕಳೆದುಕೊಂಡ ಕಟುಕನಿಗೆ ಏಕೆ ಕಳೆದುಕೊಂಡೆನೆಂಬುದು ಕೂಡ ತಿಳಿಯುತ್ತಿರಲಿಲ್ಲ. ದೋಣಿಗಳು ಅವನ ಸೇತುವೆಯ ಬಳಿ ನಿಲ್ಲದೆ ಹೋಗುತ್ತಿದ್ದುವು, ಅಷ್ಟೆ.

ಲಾಕುಗಳ ಸಾಲು ಇದ್ದೆಡೆ ವ್ಯಾಪಾರವು ಚೆನ್ನಾಗಿ ಬೆಳೆಯಿತು. ಶ್ರಾಪ್‌ಷೈರ್ ಯೂನಿಯನ್ ಕಾಲುವೆಯ ಮೇಲೆ ಆಡ್ಲೆಂ ಎಂಬ ಹಳ್ಳಿಯ ಪಕ್ಕದಲ್ಲಿ ೧೫ ಲಾಕುಗಳಿವೆ. ಊಸ್ಟರ್-ಬರ್ಮಿಂಗ್‌ಹ್ಯಾಂ ಕಾಲುವೆಯ ಟಾರ್ಡೆಬಿಗ್ ಎಂಬಲ್ಲಿ ಎರಡೂಕಾಲು ಮೈಲಿಯೊಳಗೆ ೩೦. ಒಂದೊಂದು ಲಾಕನ್ನು ತುಂಬಿ ಬರಿದುಮಾಡಲು ಹತ್ತು ನಿಮಿಷವೆಂದರೂ ಹದಿನೈದು ಲಾಕುಗಳಿಗೆ ಎರಡೂವರೆ ಗಂಟೆ. ಗಂಡಸರು ಬಾಗಿಲುಗಳನ್ನು ತಳ್ಳುತ್ತಿರಲು ಹೆಂಗಸೋ ಮಗುವೋ ಬುಟ್ಟಿ ಹಿಡಿದು ಊರೊಳಗೆ ಹೋಗಿ, ಮಾಂಸ ರೊಟ್ಟಿಗಳನ್ನು ಕೊಂಡು, ಮೇಲಿನ ಲಾಕಿನಲ್ಲಿ ದೋಣಿಯನ್ನು ಹಿಡಿಯಬಹುದು. ಒಂದು ನಿಮಿಷವೂ ನಷ್ಟವಾಗದು. ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿದರೆ ಮಾತು ಬೇರೆ. ದೋಣಿ ನಿಂತರೆ ಕೂಲಿಯೂ ನಿಂತಿತು. ಆಗ ಉದ್ರಿ ಕೊಡುವ ಅಂಗಡಿ ಯಾವುದು, ಮುಖ ತಿರುಗಿಸುವುದು ಯಾವುದು ಎಂಬುದರಿಂದಲೇ ಅವರು ಕಟುಕನ ಒಳ್ಳೆಯತನವನ್ನು ಅಳೆದಿದ್ದರೆ ಆಶ್ಚರ್ಯವಿಲ್ಲ.

ಕಾಲವನ್ನು ನೋಡಿ ಕೊಳ್ಳುವುದೂ ಒಂದು ವಿದ್ಯೆ. ಹಂದಿಮಾಂಸವನ್ನು ಇಂಗ್ಲಿಷ್ ಹೆಸರಿನಲ್ಲಿ 'ಆರ್' ಅಕ್ಷರವಿರುವ ತಿಂಗಳುಗಳಲ್ಲಿ ಮಾತ್ರ ತಿನ್ನಬೇಕೆಂದು ಹಳಬರು ಹೇಳುತ್ತಿದ್ದರು. ಮೇ, ಜೂನ್, ಜುಲೈ, ಆಗಸ್ಟ್ ಈ ನಾಲ್ಕಕ್ಕೂ ಆ ಅಕ್ಷರವಿಲ್ಲ, ನಾಲ್ಕೂ ಸೆಖೆಯ ತಿಂಗಳು. ಶನಿವಾರ ರಾತ್ರಿ ಇನ್ನೊಂದು ಸಮಯ. ಭಾನುವಾರ ಅಂಗಡಿ ಮುಚ್ಚಬೇಕು, ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ. ಆದುದರಿಂದ ಪಟ್ಟಣದ ಕಟುಕರು ಶನಿವಾರ ದೀಪ ಹಚ್ಚಿದ ಮೇಲೆ ಉಳಿದ ಮಾಂಸವನ್ನು ಕೂಗಿ ಕೂಗಿ ಅಗ್ಗಕ್ಕೆ ಮಾರಿಬಿಡುತ್ತಿದ್ದರು. ಬಡವರು ಆ ಗಳಿಗೆಗಾಗಿ ಕಾದಿರುತ್ತಿದ್ದರು. ೧೮೮೦ರಲ್ಲಿ ಆಸ್ಟ್ರೇಲಿಯದಿಂದಲೂ ೧೮೮೨ರಲ್ಲಿ ನ್ಯೂಜಿಲೆಂಡಿನಿಂದಲೂ ಹೆಪ್ಪುಗಟ್ಟಿಸಿದ ಮಾಂಸವು ಹಡಗಿನಲ್ಲಿ ಲಂಡನಿಗೆ ಬಂದ ಮೇಲೆ ಅಗ್ಗದ ಮಾಂಸಕ್ಕೆ ಶನಿವಾರವೇ ಆಗಬೇಕೆಂದಿರಲಿಲ್ಲ. ಅದರೊಡನೆ ಹೊಸ ಮೋಸವೂ ಬಂದಿತು. ಪರದೇಶದ ಮಾಂಸವನ್ನು ಊರಿನದೆಂದು ಮಾರುತ್ತಾರೆಂಬ ದೂರು ಬಲವಾಗಿ, ೧೮೯೩ರಲ್ಲಿ ಪ್ರಭುಸಭೆಯೇ ಸಮಿತಿ ಕೂಡಿಸಿ ವಿಚಾರಿಸಬೇಕಾಯಿತು.

ಊರಿಗೊಂದು ರುಚಿಯೂ ಉಂಟು. ಬರ್ಮಿಂಗ್‌ಹ್ಯಾಮಿನ ಪಶ್ಚಿಮದ ಗಣಿನಾಡಿನಲ್ಲಿ ಹಂದಿಯ ಯಕೃತ್ತು ಮೊದಲಾದುವನ್ನು ಕೊಚ್ಚಿ, ಗಿಡಮೂಲಿಕೆ ಸೇರಿಸಿ, ಉಂಡೆಕಟ್ಟಿ ಸುಡುತ್ತಾರೆ; ಲ್ಯಾಂಕಷೈರಿನ ಬರಿ ಪಟ್ಟಣದಲ್ಲಿ ಹಂದಿಯ ರಕ್ತವನ್ನು ಧಾನ್ಯದೊಡನೆ ಕರುಳಿಗೆ ತುಂಬಿ ಬೇಯಿಸುತ್ತಾರೆ; ವಿಗನ್ನಿನ ಗಣಿಗಾರರಿಗೆ ಬೋಟಿಯ ಮೇಲೆ ಪ್ರೀತಿ. ಇವೆಲ್ಲವೂ ಬಡವರ ತಿನಿಸು. ದೋಣಿಯವರಿಗೆ ಹೇಳಿಮಾಡಿಸಿದಂತಿದ್ದುದು ಹಂದಿಮಾಂಸದ ಪೈ. ಬಿಸಿನೀರು ಕೊಬ್ಬುಗಳಲ್ಲಿ ನಾದಿದ ಕಣಕವನ್ನು ಬಟ್ಟಲಿನಂತೆ ಎತ್ತಿ, ಕೊಚ್ಚಿದ ಮಾಂಸವನ್ನು ಹೂರಣವಾಗಿ ತುಂಬಿ, ಮುಚ್ಚಿ ಸುಟ್ಟು, ಆರುವಾಗ ಮೇಲಿನ ತೂತಿನಿಂದ ಎಲುಬಿನ ರಸವನ್ನು ಹೊಯ್ಯುತ್ತಾರೆ. ಆ ರಸವು ಹೆಪ್ಪುಗಟ್ಟಿ ಒಳಗಿನ ಸಂದುಗಳನ್ನು ತುಂಬುವುದರಿಂದ ಗಾಳಿ ಹೋಗದೆ ಕೆಲವು ದಿನ ಕೆಡುವುದಿಲ್ಲ. ಲೆಸ್ಟರ್‌ಷೈರಿನ ಮೆಲ್ಟನ್ ಮೋಬ್ರೆ ಈ ಪೈಗೆ ಹೆಸರಾದ ಊರು. ಆ ಸೀಮೆಯಲ್ಲಿ ಸ್ಟಿಲ್ಟನ್ ಗಿಣ್ಣು ಮಾಡುತ್ತಿದ್ದರು, ಉಳಿದ ಹಾಲಿನ ನೀರು ಹಂದಿಗಳಿಗೆ, ಹಂದಿಗಳು ಪೈಗೆ. ೧೭೯೭ರಲ್ಲಿ ಆ ಊರಿಗೆ ದೋಣಿಯ ದಾರಿ ತೆರೆಯಿತು, ೧೮೭೭ರಲ್ಲಿ ಮುಚ್ಚಿತು. ಪೈ ಮಾತ್ರ ಉಳಿದು, ೨೦೦೯ರಲ್ಲಿ, ನಮ್ಮ ಮೈಸೂರು ರೇಷ್ಮೆಗೆ ದೊರೆತಂಥ ಸ್ಥಳನಾಮದ ರಕ್ಷಣೆಯನ್ನು ಪಡೆಯಿತು. ಮಾಂಸಕ್ಕೆ ಉಪ್ಪಿನ ಸಂಸ್ಕಾರವಿಲ್ಲದುದರಿಂದ ಮೆಲ್ಟನ್ನಿನ ಪೈಯ ಒಳಗು ಬೂದುಬಣ್ಣ. ಗುಲಾಬಿಬಣ್ಣವಿದ್ದರೆ ಅದು ಬೇರೆ ಊರಿನದು.

ಉತ್ತರದ ಕಡೆಗೆ ಹೋದರೆ ಕಥೆಗೆ ಹೊಸ ಜನ ಸೇರುತ್ತಾರೆ. ಲೀಡ್ಸಿನಿಂದ ಲಿವರ್ಪೂಲಿನವರೆಗೆ ೧೨೭ ಮೈಲಿಯ ಕಾಲುವೆಯನ್ನು ೧೭೭೦ರಲ್ಲಿ ಆರಂಭಿಸಿ ೧೮೧೬ರಲ್ಲಿ ಮುಗಿಸಿದರು. ಅದರ ಆಸುಪಾಸಿನ ಗಿರಣಿಯೂರುಗಳಲ್ಲಿ ಗಂಡಸರು ಹೆಂಗಸರು ಇಬ್ಬರೂ ಗಿರಣಿಗೆ ಹೋಗುತ್ತಿದ್ದರು. ಮನೆಯಲ್ಲಿ ಅಡಿಗೆಗೆ ಹೊತ್ತಿಲ್ಲ. ಈ ಅವಕಾಶವನ್ನು ಕಂಡವರು ಜರ್ಮನರು. ವೂರ್ಟೆಂಬರ್ಗಿನ ಹೊಹೆನ್ಲೋಹೆ ಎಂಬ ಸೀಮೆಯಿಂದ, ಅದರಲ್ಲಿಯೂ ಕ್ಯುನ್ತ್ಸೆಲ್ಸೌ ಪಟ್ಟಣದ ಸುತ್ತಣ ಹಳ್ಳಿಗಳಿಂದ, ರೈತರ ಮಕ್ಕಳು ೧೯ನೆಯ ಶತಮಾನದಲ್ಲಿ ಒಬ್ಬರ ಹಿಂದೊಬ್ಬರು ಇಂಗ್ಲೆಂಡಿಗೆ ಬಂದರು. ಮೊದಲು ಬಂದವನು ಅಂಗಡಿ ತೆರೆದು ತಮ್ಮನನ್ನು ಕರೆಸಿಕೊಂಡನು. ತಮ್ಮನು ಸೋದರಳಿಯನನ್ನು ಕರೆಸಿಕೊಂಡನು. ನಮ್ಮ ದಕ್ಷಿಣ ಕನ್ನಡದವರು ಮುಂಬಯಿಯಲ್ಲಿ ಉಪಾಹಾರಗೃಹಗಳನ್ನು ಕಟ್ಟಿ ಬೆಳೆಸಿದ ಬಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದನ ಕುರಿಗಳ ಮಾಂಸವು ಇಂಗ್ಲಿಷ್ ಕಟುಕರ ಕೈಯಲ್ಲಿದ್ದಿತು. ಜರ್ಮನರು ಹಂದಿಮಾಂಸವನ್ನು ಹಿಡಿದರು. ಬೇಯಿಸಿದ ತೊಡೆಮಾಂಸ, ಬಗೆಬಗೆಯ ಸಾಸೇಜುಗಳು, ಬಿಸಿ ಪೈಗಳು: ಕೊಂಡವರು ಬೀದಿಯಲ್ಲಿಯೇ ನಿಂತು ತಿನ್ನಬಹುದಾದ ಪದಾರ್ಥಗಳು. ಹಂದಿಯ ಯಾವ ಭಾಗವನ್ನೂ ಹಾಳುಮಾಡದ ಕೈಚಳಕ, ಉಜ್ಜಿ ತೊಳೆದ ಬಿಳಿಯ ಕಲ್ಲಿನ ಕಟ್ಟೆ, ಮುಂಜಾನೆ ತೆರೆದು ರಾತ್ರಿಯವರೆಗೂ ಮುಚ್ಚದ ಬಾಗಿಲು ಇವುಗಳಿಂದ ಅವರು ಬ್ರಾಡ್‌ಫರ್ಡ್, ಲೀಡ್ಸ್, ಲಿವರ್ಪೂಲ್ ಮೊದಲಾದ ಊರುಗಳಲ್ಲಿ ನೆಲೆಯೂರಿದರು. ಹೊತ್ತಲ್ಲದ ಹೊತ್ತಿನಲ್ಲಿ ಬರುವ ದೋಣಿಯವನಿಗೆ ಬಿಸಿಯಾದುದನ್ನು ಕೈಗೆ ಕೊಡುವ ಅಂಗಡಿಗಿಂತ ಅನುಕೂಲವಾದುದು ಬೇರೆ ಯಾವುದಿದ್ದೀತು?

೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧವು ಆರಂಭವಾಯಿತು. ಆ ತಿಂಗಳ ಕೊನೆಯಲ್ಲಿಯೇ ಕಾಲುವೆಯ ಆಚೆ ಕಣಿವೆಯಲ್ಲಿರುವ ಕೀತ್ಲಿ ಪಟ್ಟಣದಲ್ಲಿ ಗುಂಪುಗಳು ಜರ್ಮನ್ ಕಟುಕರ ಅಂಗಡಿಗಳ ಗಾಜುಗಳನ್ನು ಒಡೆದುವು. ೧೯೧೫ರ ಮೇ ೭ರಂದು ಲೂಸಿಟೇನಿಯ ಹಡಗನ್ನು ಜರ್ಮನ್ ಜಲಾಂತರ್ನೌಕೆಯು ಮುಳುಗಿಸಿತು. ಆ ಹಡಗಿನ ನಾವಿಕರಲ್ಲಿ ಅನೇಕರು ಲಿವರ್ಪೂಲಿನವರು. ದುಃಖದಿಂದ ಉರಿದೆದ್ದ ಊರು ಹಂದಿಮಾಂಸದ ಅಂಗಡಿಗಳ ಮೇಲೆ ಬಿದ್ದಿತು. ಮೇಜು ಕುರ್ಚಿಗಳನ್ನೂ ತಕ್ಕಡಿಗಳನ್ನೂ ಬೀದಿಗೆ ಎಸೆದರು, ಮಾಂಸವನ್ನು ಹೊತ್ತುಕೊಂಡು ಹೋದರು. ಗೂಲ್ ಎಂಬ ಕಾಲುವೆಯ ಬಂದರಿನಲ್ಲಿಯೂ ಅದೇ ಆಯಿತು. ಹಾಗೆ ಪೆಟ್ಟು ತಿಂದವರಲ್ಲಿ ಬ್ರಿಟಿಷ್ ಪ್ರಜೆಗಳಾಗಿ ಹಲವು ವರ್ಷ ಕಳೆದವರಿದ್ದರು. ಮಕ್ಕಳನ್ನು ಬ್ರಿಟಿಷ್ ಸೇನೆಗೆ ಕಳುಹಿಸಿದವರೂ ಇದ್ದರು. ಪ್ರಜೆಗಳಾಗದ ಪ್ರಾಯದ ಗಂಡಸರನ್ನು ಸರ್ಕಾರವು ಹಿಡಿದು, ಬಹುಮಂದಿಯನ್ನು ಮ್ಯಾನ್ ದ್ವೀಪದ ಶಿಬಿರಕ್ಕೆ ಕಳುಹಿಸಿತು. ಉಳಿದವರಲ್ಲಿ ಹಲವರು ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡರು. ೧೯೧೭ರಲ್ಲಿ ದೊರೆಯ ಮನೆತನವೇ ತನ್ನ ಜರ್ಮನ್ ಹೆಸರನ್ನು ಬಿಟ್ಟಿತೆಂದ ಮೇಲೆ ಕಟುಕರನ್ನು ಆಡಿಕೊಳ್ಳುವುದೇಕೆ?

ಆ ಗುಂಪುಗಳಲ್ಲಿ ನಿನ್ನೆಯ ಗಿರಾಕಿಗಳೂ ಇದ್ದರೆಂಬುದನ್ನು ನಾವು ಮರೆಯಲಾರೆವು. ಮೇಲೆ ನಾವು ಹೊಗಳಿದ ಬಾಯಿಮಾತಿಗೆ ಈ ಮುಖವೂ ಉಂಟು. ಕೆಟ್ಟ ಮಾಂಸವನ್ನು ಬಯಲಿಗೆಳೆಯುವ ಅದೇ ನಾಲಗೆ, ಒಂದು ರಾತ್ರಿಯಲ್ಲಿ, ಮೂವತ್ತು ವರ್ಷ ಸರಿಯಾಗಿ ತೂಗಿಕೊಟ್ಟವನನ್ನು ಶತ್ರುವೆಂದು ಕೂಗಿತು. ಆ ವಾರ ಸರಕು ಇಳಿಸಿ ಹಿಂದಿರುಗಿದ ದೋಣಿಯವರು ಹಲಗೆ ಹೊಡೆದ ಬಾಗಿಲುಗಳನ್ನು ಕಂಡು ಮುಂದೆ ಹೋಗಿರಬೇಕು.

ಎರಡನೆಯ ಮಹಾಯುದ್ಧದಲ್ಲಿ ಕಷ್ಟವು ಬೇರೆ ರೂಪದಿಂದ ಬಂದಿತು. ೧೯೩೯ರ ಜುಲೈಯಲ್ಲಿ ಎಲ್. ಟಿ. ಸಿ. ರೋಲ್ಟ್ ಎಂಬ ಎಂಜಿನಿಯರು ಹೆಂಡತಿಯೊಡನೆ 'ಕ್ರೆಸ್ಸಿ' ಎಂಬ ದೋಣಿಯಲ್ಲಿ ಬ್ಯಾನ್‌ಬರಿಯಿಂದ ಹೊರಟು ಸುಮಾರು ನಾನೂರು ಮೈಲಿ ಸುತ್ತಿದನು. ನಡುವೆಯೇ ಯುದ್ಧವು ಘೋಷಿತವಾಯಿತು. ೧೯೪೪ರಲ್ಲಿ ಹೊರಬಂದ ಅವನ 'ನ್ಯಾರೋ ಬೋಟ್' ಎಂಬ ಪುಸ್ತಕವು ಮರೆತುಹೋಗುತ್ತಿದ್ದ ಕಾಲುವೆಗಳ ಕಡೆಗೆ ಜನರ ಮನಸ್ಸನ್ನು ತಿರುಗಿಸಿತು. ಅಂಥ ಪ್ರವಾಸಕ್ಕೆ ಅದೇ ಕೊನೆಯ ಸುಗ್ಗಿ. ೧೯೪೦ರ ಜನವರಿಯಲ್ಲಿ ಬೇಕನ್ನಿಗೂ ಮಾರ್ಚ್ ೧೧ರಿಂದ ಮಾಂಸಕ್ಕೂ ಪಡಿತರ ಬಂದಿತು. ಮಾಂಸವನ್ನು ತೂಕದಿಂದಲ್ಲ, ಬೆಲೆಯಿಂದ ಹಂಚಿದರು: ಮೊದಲು ವಾರಕ್ಕೆ ತಲಾ ೧ ಷಿಲಿಂಗ್ ೧೦ ಪೆನ್ನಿಯಷ್ಟು, ಆಮೇಲೆ ಇನ್ನೂ ಕಡಮೆ. ಅದೇ ಯುದ್ಧಕಾಲದಲ್ಲಿ ನಮ್ಮ ನಗರಗಳಲ್ಲಿಯೂ ಧಾನ್ಯಕ್ಕೆ ಪಡಿತರವಿದ್ದಿತಾದುದರಿಂದ ಹಿರಿಯರಿಂದ ಕೇಳಿದವರಿಗೆ ಇದು ಅರ್ಥವಾಗುವ ವಿಷಯ.

ಆ ಏರ್ಪಾಡಿನಲ್ಲಿ ಪ್ರತಿಯೊಬ್ಬರೂ ಒಬ್ಬ ಕಟುಕನ ಬಳಿ ಹೆಸರು ಬರೆಸಬೇಕು. ಅವನಿಗೆ ಬರುವ ಮಾಂಸವು ಬರೆಸಿದ ಹೆಸರುಗಳಿಗೆ ತಕ್ಕಷ್ಟೆ. ಮನೆಯಲ್ಲಿರುವವರಿಗೆ ಇದು ನ್ಯಾಯವಾಗಿದ್ದಿತು, ಬಹಳ ಮಟ್ಟಿಗೆ ಚೆನ್ನಾಗಿಯೂ ನಡೆಯಿತು. ಆದರೆ ವಾರವಾರವೂ ಬೇರೆ ಕೌಂಟಿಯಲ್ಲಿರುವವರು ಯಾರ ಬಳಿ ಬರೆಸುವುದು? ಪ್ರಯಾಣಿಕರಿಗೆಂದು ತಾತ್ಕಾಲಿಕ ಚೀಟಿಗಳಿದ್ದುವು. ಚೀಟಿ ತೋರಿಸಿದ ಅಪರಿಚಿತೆಗೆ ಕೊಡುವ ತುಂಡನ್ನು ಕಟುಕನು ತನ್ನ ನಿತ್ಯದ ಗಿರಾಕಿಗಳ ಕಣ್ಣೆದುರಿನಲ್ಲಿಯೇ ಕೊಯ್ಯಬೇಕಷ್ಟೆ. ಅವರ ಸಾಲು ಹಿಂದೆಯೇ ನಿಂತಿರುತ್ತಿದ್ದಿತು. ೧೯೪೨ರಿಂದ ಮುಂದೆ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಯುದ್ಧದ ಸರಕನ್ನು ಸಾಗಿಸಲು ತರಬೇತಿ ಪಡೆದ ವಿದ್ಯಾವಂತ ಯುವತಿಯರಿಗೂ ಈ ಪಾಡು ತಪ್ಪಲಿಲ್ಲ. ಲಂಡನಿನಿಂದ ಬರ್ಮಿಂಗ್‌ಹ್ಯಾಮಿಗೆ ಲೋಹ, ಹಿಂದಿರುಗುವಾಗ ಕಲ್ಲಿದ್ದಲು, ಮೈತುಂಬ ಮಸಿ. ಅವರ ಬಿಲ್ಲೆಯ ಮೇಲಿದ್ದ 'ಐ. ಡಬ್ಲ್ಯು.' ಎಂಬ ಅಕ್ಷರಗಳು ಒಳನಾಡಿನ ಜಲಮಾರ್ಗಗಳೆಂಬುದನ್ನು ಸೂಚಿಸುತ್ತಿದ್ದುವು. ಕುಚೋದ್ಯಗಾರರು ಅದನ್ನು 'ಸೋಮಾರಿ ಹೆಂಗಸರು' ಎಂದು ಓದಿದರು. ಅವರಲ್ಲಿ ಸೂಸನ್ ವುಲ್ಫಿಟ್ ೧೯೪೭ರಲ್ಲಿಯೂ ಎಮ್ಮಾ ಸ್ಮಿತ್ ೧೯೪೮ರಲ್ಲಿಯೂ ತಮ್ಮ ಅನುಭವಗಳಿಂದ ಪುಸ್ತಕಗಳನ್ನು ಬರೆದರು. ಹುಟ್ಟಿನಿಂದ ದೋಣಿಯವರಾದವರ ಬದುಕು ಒಳಗಿನಿಂದ ಹೇಗಿದ್ದಿತೆಂದು ಓದುಬಲ್ಲ ಲೋಕಕ್ಕೆ ತಿಳಿದುದರಲ್ಲಿ ಈ ಯುವತಿಯರ ಪಾಲು ದೊಡ್ಡದು.

ಮಾಂಸದ ಪಡಿತರವು ೧೯೫೪ರ ಜುಲೈಯವರೆಗೆ ನಡೆಯಿತು. ಯುದ್ಧಕಾಲದಲ್ಲಿ ಸರ್ಕ���ರವು ಸಾವಿರಾರು ಸಣ್ಣ ಕಸಾಯಿಖಾನೆಗಳನ್ನು ಮುಚ್ಚಿಸಿ ಕೆಲವು ನೂರರಲ್ಲಿ ಕೆಲಸವನ್ನು ಕೂಡಿಸಿತ್ತು. ಅಂಗಡಿಯ ಹಿಂದಿನ ಕೊಟ್ಟಿಗೆಗಳಲ್ಲಿ ಎಷ್ಟೋ ಮತ್ತೆ ತೆರೆಯಲೇ ಇಲ್ಲ. ಕಾಲುವೆಗಳು ೧೯೪೮ರಲ್ಲಿ ರಾಷ್ಟ್ರದ ಸ್ವತ್ತಾದುವು. ೧೯೬೨ರ ಡಿಸೆಂಬರಿನಿಂದ ೧೯೬೩ರ ಮಾರ್ಚಿಯವರೆಗಿನ ಘೋರವಾದ ಚಳಿಯಲ್ಲಿ ದೋಣಿಗಳು ವಾರಗಟ್ಟಲೆ ಹಿಮದಲ್ಲಿ ಸಿಕ್ಕಿಬಿದ್ದುವು. ಸರಕು ಕಳುಹಿಸುವವರು ಲಾರಿಗಳ ಕಡೆಗೆ ತಿರುಗಿದರು. ಸರ್ಕಾರದ ದೋಣಿಗಳ ಸಾಗಣೆಯೂ ಬಹುಪಾಲು ನಿಂತಿತು. ಆಥರ್‌ಸ್ಟನ್ನಿನಿಂದ ಪಶ್ಚಿಮ ಲಂಡನಿನ ಜಾಮಿನ ಕಾರ್ಖಾನೆಗೆ ಕಲ್ಲಿದ್ದಲು ಸಾಗಿಸುತ್ತಿದ್ದ ದೂರದ ಕೊನೆಯ ಸರದಿಯು ೧೯೭೦ರ ಅಕ್ಟೋಬರಿನಲ್ಲಿ ಮುಗಿಯಿತು. ಲಾಕಿನ ಬಳಿಯ ಅಂಗಡಿಗಳ ಮುಂದೆ ದೋಣಿಯವರು ಬರುವುದು ನಿಂತಿತು. ಊರವರು ಕಾರಿನಲ್ಲಿ ದೊಡ್ಡ ಮಳಿಗೆಗಳಿಗೆ ಹೋಗುವವರಾದರು. ಇಂಗ್ಲೆಂಡಿನಲ್ಲಿ ಸ್ವಂತ ಅಂಗಡಿಯ ಕಟುಕರ ಸಂಖ್ಯೆಯು ಕಳೆದ ನಾಲ್ಕೈದು ದಶಕಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿದಿದೆ.

ಇವರೆಲ್ಲ ಧರ್ಮವ್ಯಾಧರೇ ಆಗಿದ್ದರೆಂದು ಕೊರಗುವವರುಂಟು. ನಾವು ಅಷ್ಟು ದೂರ ಹೋಗಲಾರೆವು. ೧೯೯೬ರಲ್ಲಿ ಎರಡು ಸಂಗತಿಗಳು ನಡೆದುವು. ದನಗಳ ಮಿದುಳುರೋಗವು ಮಾಂಸದ ಮೂಲಕ ಮನುಷ್ಯರಿಗೆ ತಗಲಿರಬಹುದೆಂದು ಬ್ರಿಟಿಷ್ ಸರ್ಕಾರವು ಮಾರ್ಚಿಯಲ್ಲಿ ಒಪ್ಪಿಕೊಂಡಿತು. ಹೊಲದ ಹೆಸರನ್ನು ಹೇಳಬಲ್ಲ ಊರ ಕಟುಕನ ಮಾತಿಗೆ ಬೆಲೆ ಬಂದಿತು. ಅದೇ ವರ್ಷದ ಕೊನೆಯಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿ, ಜನರ ಪ್ರೀತಿ ಗಳಿಸಿದ್ದ ಒಂದು ಊರಂಗಡಿಯ ಮಾಂಸದಿಂದಲೇ ವಿಷಕ್ರಿಮಿ ಹರಡಿ ಸುಮಾರು ಇಪ್ಪತ್ತು ಮಂದಿ, ಬಹುಮಟ್ಟಿಗೆ ಮುದುಕರು, ಸತ್ತರು. ಹಸಿಮಾಂಸವನ್ನೂ ಬೆಂದ ಮಾಂಸವನ್ನೂ ಬೇರೆ ಬೇರೆ ಕತ್ತಿಗಳಿಂದ ಕೊಯ್ಯಬೇಕೆಂಬ ಕಟ್ಟುಪಾಡುಗಳು ಬಿಗಿಯಾದುದು ಆಮೇಲೆ.

ಈಗ ಆ ಕಾಲುವೆಗಳಲ್ಲಿ ಸುಮಾರು ೨,೦೦೦ ಮೈಲಿಗಳನ್ನು ೨೦೧೨ರಲ್ಲಿ ಸ್ಥಾಪಿತವಾದ ಒಂದು ಧರ್ಮಸಂಸ್ಥೆಯು ನೋಡಿಕೊಳ್ಳುತ್ತಿದೆ. ದೋಣಿಗಳು ಬೇಕಾದಷ್ಟಿವೆ, ಬಹುಪಾಲು ವಿನೋದಕ್ಕೆ ಅಥವಾ ವಾಸಕ್ಕೆ. ತಣ್ಣನೆಯ ಪೆಟ್ಟಿಗೆ ಬ್ಯಾಟರಿಯಿಂದ ನಡೆಯುತ್ತದೆ. ಮಾಂಸವು ನಾಲ್ಕು ದಿನ ಇರುತ್ತದೆ. ಆದರೂ ಸಾಲಾಗಿ ದೋಣಿ ಕಟ್ಟುವ ಜಾಗಗಳಲ್ಲಿ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳಲ್ಲಿ ಇಲ್ಲಿಯ ಕಟುಕನು ಹೇಗೆ ಎಂಬುದು ಇನ್ನೂ ಹೋಗಿಲ್ಲ. ಕುರಿಯ ಊರೆಂದೇ ಹೆಸರಿನ ಅರ್ಥವಿರುವ ಸ್ಕಿಪ್ಟನ್ನಿನಲ್ಲಿ ಕಾಲುವೆಯಿಂದ ಪೇಟೆಯ ಬೀದಿಗೆ ಕೆಲವೇ ಹೆಜ್ಜೆ. ೧೨೪೫ರಿಂದ ಬುಧವಾರದ ಸಂತೆಯ ಹಕ್ಕನ್ನು ಪಡೆದ ಮಾರ್ಕೆಟ್ ಡ್ರೇಟನ್ನಿಗೆ ಹದಿನೈದು ನಿಮಿಷದ ನಡಿಗೆ. ಬಾಡಿಗೆಯ ದೋಣಿಗಳನ್ನು ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಕೈಗೆ ಕೊಡುತ್ತಾರೆ. ಹಳ್ಳಿಯ ಕಟುಕರಲ್ಲಿ ಹಲವರು ಆ ಹೊತ್ತಿಗೆ ಕತ್ತಿ ತೊಳೆದು ಬಾಗಿಲು ಹಾಕಿದರೆ ತೆರೆಯುವುದು ಮಂಗಳವಾರ. ಆದುದರಿಂದ ತಿಳಿದವರು ದೋಣಿಯ ಬೀಗದ ಕೈಯನ್ನು ತೆಗೆದುಕೊಳ್ಳುವುದಕ್ಕೆ ಮೊದಲು ಅಂಗಡಿಗೆ ಹೋಗಿಬರುತ್ತಾರೆ.